ಗುಡ್ಡದ ಸೈಕಲ್ ಜಾಡು: ಕೊರಕಲು ಬಿದ್ದ ದಾರಿಯನ್ನು ಸರಿಪಡಿಸುವ ಬಗೆ

ಪ್ರಶ್ನೆ: ನಾವು ಚಿತ್ರದುರ್ಗ ನಗರ ಮತ್ತು ಸುತ್ತಲಿನ ಹಳ್ಳಿಗಳ ಹತ್ತು ಹನ್ನೆರಡು ಮಂದಿ ಭಾನುವಾರಗಳಂದು ಮೌಂಟನ್ ಬೈಕ್ ಓಡಿಸುತ್ತೇವೆ. ನಮ್ಮ ಊರಿನ ಹಿಂದಿನ ಗುಡ್ಡಕ್ಕೆ ದನಗಾಹಿಗಳು ಹತ್ತಿಳಿಯುವ ಕಾಲುದಾರಿಯೇ ನಮಗೆ ಜಾಡು. ಕಳೆದ ಹಿಂಗಾರಿನ ಮಳೆಗೆ ಅದು ಕೆಲವೆಡೆ ಮೊಣಕಾಲುದ್ದದ ಕೊರಕಲಾಗಿದೆ. ಸ್ವಯಂಸೇವಕರಾಗಿ ನಾವೇ ಅದನ್ನು ದುರಸ್ತಿ ಮಾಡಿ, ಜೋಗಿಮಟ್ಟಿಯ ಕಡೆಗೆ ಹೊಸ ಜಾಡೊಂದನ್ನು ಕಡಿದು, ಒಂದೆರಡು ಮರದ ರ‍್ಯಾಂಪ್‌ಗಳನ್ನೂ ಇಡಬೇಕೆಂದಿದ್ದೇವೆ. ಯಾರ ಅನುಮತಿ ಬೇಕು? ಕೆಲಸವನ್ನು ಎಲ್ಲಿಂದ, ಹೇಗೆ ಆರಂಭಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ದುರಸ್ತಿ, ಹೊಸ ಜಾಡು, ರ‍್ಯಾಂಪ್ ಎಂಬ ಮೂರು ಕೆಲಸಗಳಿವೆ. ನೀವು ಬರೆದಿರುವ ಈ ಕ್ರಮವೇ ಸರಿಯಾದ ಕ್ರಮ. ಆದರೆ ಮೊದಲನೆಯದು ಒಂದೆರಡು ಭಾನುವಾರಗಳಲ್ಲಿ ಮುಗಿಯುತ್ತದೆ, ಉಳಿದ ಉತ್ಸಾಹವನ್ನೆಲ್ಲ ಎರಡನೆಯದಕ್ಕೆ ಹಾಕಬಹುದು ಎಂಬ ಎಣಿಕೆ ನಿಮ್ಮಲ್ಲಿದ್ದಂತೆ ಕಾಣುತ್ತದೆ. ಅದನ್ನು ಬಿಡಬೇಕೆಂದು ಮೊದಲಿಗೇ ಹೇಳುತ್ತೇನೆ. ಹಳೆಯ ದಾರಿ ಏಕೆ ಕೊರಕಲು ಬಿತ್ತು ಎಂಬುದನ್ನು ನೆಲದ ಮೇಲೆ ನಿಂತು ಅರ್ಥ ಮಾಡಿಕೊಳ್ಳದೆ ಹೊಸದನ್ನು ಕಡಿದರೆ, ಮುಂದಿನ ಹಿಂಗಾರಿಗೆ ಗುಡ್ಡದ ಮೇಲೆ ಒಂದರ ಬದಲು ಎರಡು ಕೊರಕಲುಗಳಿರುತ್ತವೆ. ಜಾಡು ಕಟ್ಟುವ ಕೆಲಸದ ಮುಕ್ಕಾಲು ಪಾಲು ನೀರಿನ ಕೆಲಸ. ಸೈಕಲ್ಲಿನ ಪಾಲು ಕಾಲು ಭಾಗ ಮಾತ್ರ.

ಚಿತ್ರದುರ್ಗ ಬರದ ಜಿಲ್ಲೆ, ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಹೀಗಿರುವಾಗ ಇಲ್ಲಿ ನೀರಿನ ಚಿಂತೆ ಏಕೆ ಎಂದು ಕೇಳುವವರುಂಟು. ಮಳೆ ಎಷ್ಟು ಬೀಳುತ್ತದೆ ಎಂಬುದಕ್ಕಿಂತ ಹೇಗೆ ಬೀಳುತ್ತದೆ ಎಂಬುದೇ ಜಾಡಿಗೆ ಮುಖ್ಯ. ಮಲೆನಾಡಿನಂತೆ ಇಲ್ಲಿ ದಿನಗಟ್ಟಲೆ ಜಿಟಿಜಿಟಿ ಹಿಡಿಯುವುದಿಲ್ಲ. ಬೇಸಿಗೆಯ ಕೊನೆಯ ಅಡ್ಡಮಳೆಗಳೂ, ಉತ್ತರೆ, ಹಸ್ತ, ಚಿತ್ತೆಯ ಮಳೆಗಳೂ ಬಂದರೆ ಒಂದೇ ಸಂಜೆ ಸುರಿದು ಹೋಗುತ್ತವೆ. ಬಿಸಿಲಿಗೆ ಕಾದು ಗಟ್ಟಿಯಾದ ಗರಸು ನೆಲ ಅಷ್ಟು ನೀರನ್ನು ಅಷ್ಟು ಬೇಗ ಕುಡಿಯಲಾರದು. ಅದರಲ್ಲೂ ಕಾಲುದಾರಿಯೆಂದರೆ ಹುಲ್ಲಿಲ್ಲದ, ತುಳಿದು ತುಳಿದು ಬಿಗಿಯಾದ ಪಟ್ಟಿ. ನೀರು ಇಂಗಲು ಜಾಗವಿಲ್ಲದ ಕಾರಣ ಆ ಪಟ್ಟಿಯೇ ಹಳ್ಳವಾಗುತ್ತದೆ. ದನಕರುಗಳೂ ಮನುಷ್ಯರೂ ಇಳಿಯುವಾಗ ನೆಟ್ಟಗೆ ಇಳಿಯುವ ದಾರಿಯನ್ನೇ ಹಿಡಿಯುತ್ತಾರೆ, ನೀರು ಹಿಡಿಯುವುದೂ ಅದನ್ನೇ. ನಿಮ್ಮ ಗುಡ್ಡದಲ್ಲಿ ಆಗಿರುವುದು ಇಷ್ಟೆ.

ಇದರಲ್ಲಿ ಸೈಕಲ್ಲಿನ ಪಾಲು ಎಷ್ಟು ಎಂಬ ವಾದ ನಿಮಗೂ ಎದುರಾಗುತ್ತದೆ, ಆದುದರಿಂದ ಉತ್ತರ ಸಿದ್ಧವಿರಲಿ. ಅಮೆರಿಕದ ಮೊಂಟಾನಾದಲ್ಲಿ ವಿಲ್ಸನ್ ಮತ್ತು ಸೆನಿ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗುಡ್ಡದ ದಾರಿಗಳಲ್ಲಿ ಕುದುರೆಯ ಗೊರಸು ಮತ್ತು ನಡೆಯುವವರ ಪಾದಗಳು ಗಾಲಿಗಿಂತ ಹೆಚ್ಚು ಮಣ್ಣನ್ನು ಸಡಿಲಗೊಳಿಸುತ್ತವೆ ಎಂದು ಕಂಡುಬಂದಿತು. ಸೈಕಲ್ ಸವಾರರು ಇದನ್ನು ತಮ್ಮ ಪರವಾದ ತೀರ್ಪೆಂಬಂತೆ ಎಲ್ಲ ಕಡೆ ಉಲ್ಲೇಖಿಸುತ್ತಾರೆ. ನನಗೆ ಅದು ಅರ್ಧ ಉತ್ತರವಾಗಿ ಮಾತ್ರ ಕಾಣುತ್ತದೆ. ಪಾದದ ಗುರುತು ಬಿಡಿಬಿಡಿಯಾಗಿರುತ್ತದೆ, ಗಾಲಿಯ ಗುರುತಾದರೋ ಮೇಲಿನಿಂದ ಕೆಳಗಿನವರೆಗೆ ಕಡಿಯದ ಗೆರೆ. ಒದ್ದೆ ನೆಲದಲ್ಲಿ ಹಿಂದಿನ ಬ್ರೇಕ್ ಬಿಗಿಹಿಡಿದು ಗಾಲಿ ಜಾರಿಸಿಕೊಂಡು ಇಳಿದರೆ ಆ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಊರಿನವರು ನಿಮ್ಮ ಸೈಕಲ್ಲುಗಳನ್ನು ದೂರಿದರೆ ಅವರ ಮಾತಿನಲ್ಲಿ ಸತ್ಯವೇ ಇಲ್ಲವೆಂದು ವಾದಿಸಲು ಹೋಗಬೇಡಿ.

ಇನ್ನು ಅನುಮತಿಯ ವಿಷಯ. ಗುಡ್ಡ ಯಾರದು ಎಂಬುದನ್ನು ಊಹೆಯ ಮೇಲೆ ಬಿಡಬಾರದು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಜಾಡಿನ ಉದ್ದಕ್ಕೂ ನಡೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರುಗಳನ್ನು ಬರೆದುಕೊಂಡು ಪಹಣಿ ಮತ್ತು ಗ್ರಾಮ ನಕ್ಷೆಯೊಂದಿಗೆ ತಾಳೆ ನೋಡಿರಿ. ನಮ್ಮ ಕಡೆಯ ಗುಡ್ಡಗಳಲ್ಲಿ ಬುಡದ ಭಾಗ ಯಾರದೋ ಹಿಡುವಳಿ, ನಡುವೆ ಗೋಮಾಳ, ನೆತ್ತಿಯಲ್ಲಿ ಅರಣ್ಯ ಎಂಬಂತೆ ಒಂದೇ ಕಾಲುದಾರಿ ಮೂರು ಬಗೆಯ ನೆಲವನ್ನು ಹಾಯುವುದು ಸಾಮಾನ್ಯ. ಹಿಡುವಳಿಯಾದರೆ ಮಾಲೀಕರ ಲಿಖಿತ ಒಪ್ಪಿಗೆ ಸಾಕು. ಗೋಮಾಳ ಸರ್ಕಾರದ ಜಮೀನು, ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಅಡಿಯಲ್ಲಿ ದನಗಳ ಮೇವಿಗೆಂದು ಕಾಯ್ದಿರಿಸಿದ್ದು. ಅಲ್ಲಿ ಕೆಲಸ ಮಾಡಲು ತಹಶೀಲ್ದಾರರಿಗೆ ಅರ್ಜಿ ಕೊಡಬೇಕು, ಅದರೊಂದಿಗೆ ಗ್ರಾಮ ಪಂಚಾಯಿತಿಯ ಠರಾವು ಇದ್ದರೆ ಕೆಲಸ ಸಲೀಸಾಗುತ್ತದೆ. ಅರ್ಜಿಯಲ್ಲಿ ‘ಸೈಕಲ್ ಟ್ರ್ಯಾಕ್ ನಿರ್ಮಾಣ’ ಎಂದು ಬರೆಯಬೇಡಿ. ನಿರ್ಮಾಣ ಎಂಬ ಪದವನ್ನು ಕಂಡೊಡನೆ ಕಡತ ಬೇರೆ ದಿಕ್ಕಿಗೆ ಹೋಗುತ್ತದೆ. ನೀವು ಮಾಡಹೊರಟಿರುವುದು ಈಗಿರುವ ಕಾಲುದಾರಿಯ ದುರಸ್ತಿ ಮತ್ತು ಮಣ್ಣಿನ ಸವಕಳಿ ತಡೆ, ಅದನ್ನೇ ಬರೆಯಿರಿ, ಅದೇ ನಿಜವೂ ಹೌದು.

ಕಾಗದಪತ್ರಕ್ಕೂ ಮೊದಲು ಆ ದಾರಿಯನ್ನು ದಿನವೂ ತುಳಿಯುವ ದನಗಾಹಿಗಳನ್ನು, ಕುರಿ ಕಾಯುವವರನ್ನು ಕಂಡು ಮಾತನಾಡಿರಿ. ಯಾವ ಬಂಡೆಯ ಕೆಳಗೆ ನೀರು ಜಿನುಗುತ್ತದೆ, ಎಲ್ಲಿ ಕರಡಿ ಓಡಾಡುತ್ತದೆ, ಯಾವ ಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟು ಹೋಗಬೇಕು ಎಂಬುದೆಲ್ಲ ಅವರಿಗೆ ಗೊತ್ತು, ನಕ್ಷೆಯಲ್ಲಿ ಇರುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಮೇಯಿಸುವ ನೆಲೆಗಳುಂಟು. ಅಂಥ ಜಾಗವಾದರೆ ಜಾಡನ್ನು ಸುತ್ತುಹಾಕಿ ಒಯ್ಯುವುದೇ ಸರಿ. ನೀವು ತಿದ್ದುವ ದಾರಿಯಲ್ಲಿ ದನಗಳು ಇನ್ನು ಮುಂದೆಯೂ ನಡೆಯುತ್ತವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಗಲವನ್ನೂ ತಿರುವುಗಳನ್ನೂ ನಿರ್ಧರಿಸಬೇಕು.

ಜೋಗಿಮಟ್ಟಿಯ ಕಡೆಗೆ ಹೊಸ ಜಾಡು ಕಡಿಯುವ ಯೋಚನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ನೀವಾಗಿಯೇ ಮಾಡುವಂತಿಲ್ಲ. ಜೋಗಿಮಟ್ಟಿ ಈಗ ಸುಮಾರು 100 ಚದರ ಕಿಲೋಮೀಟರ್ ವಿಸ್ತಾರದ ವನ್ಯಜೀವಿಧಾಮ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೆಯ ಸೆಕ್ಷನ್ ಪ್ರಕಾರ ಅಲ್ಲಿಗೆ ಪ್ರವೇಶವೇ ನಿರ್ಬಂಧಿತ, 29ನೆಯ ಸೆಕ್ಷನ್ ಪ್ರಕಾರ ಆವಾಸಸ್ಥಾನಕ್ಕೆ ಹಾನಿ ಮಾಡುವುದು ಅಪರಾಧ. ಗುದ್ದಲಿ ಹಿಡಿದು ಒಳಗೆ ಹೋದವರು ಸದುದ್ದೇಶದಿಂದ ಹೋಗಿದ್ದರೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದಾವಣಗೆರೆಯ ಸವಾರರೂ ನಿಮ್ಮೊಂದಿಗೆ ಇರಬಹುದೆಂದು ಇದನ್ನೂ ಸೇರಿಸುತ್ತೇನೆ: ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳಿಗಾಗಿ ಮೀಸಲಾದ ವನ್ಯಜೀವಿಧಾಮವಾಗಿದೆ, ಅಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ವನ್ಯಜೀವಿಧಾಮವಲ್ಲದ ಮೀಸಲು ಅರಣ್ಯವಾದರೂ ಕರ್ನಾಟಕ ಅರಣ್ಯ ಕಾಯ್ದೆ 1963 ಇದೆ. ಅಗೆಯುವುದು, ಕಡಿಯುವುದು ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಆಗದು.

ಕೋಟೆ ಮತ್ತು ಚಂದ್ರವಳ್ಳಿಯ ಆಸುಪಾಸಿನ ಬಂಡೆಗಳೂ ಸವಾರರನ್ನು ಸೆಳೆಯುತ್ತವೆ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಚಂದ್ರವಳ್ಳಿಯಲ್ಲಂತೂ ಮಯೂರಶರ್ಮನ ಶಾಸನವಿದೆ, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದ್ದರು, ಶಾತವಾಹನರ ಕಾಲದ ವಸ್ತುಗಳು ಆ ಮಣ್ಣಿನಲ್ಲಿ ಸಿಕ್ಕಿವೆ. ಅಂಥ ನೆಲದಲ್ಲಿ ಒಂದು ಗುದ್ದಲಿ ಮಣ್ಣು ತೆಗೆಯುವುದೂ ತಪ್ಪು. ಹಾಗೆಯೇ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಜಾಡಿಗೆ ಚೆಂದದ ಕಲ್ಲು ಬೇಕೆಂದು ಅಲ್ಲಿಂದ ಒಂದನ್ನೂ ತರಬಾರದು.

ಹಾಗಾದರೆ ಅರಣ್ಯದ ಬಾಗಿಲು ಶಾಶ್ವತವಾಗಿ ಮುಚ್ಚಿದೆಯೇ ಎಂದರೆ, ಇಲ್ಲ. ಆದರೆ ಅದು ತೆರೆಯುವುದು ಬೇಡಿಕೆಯಿಂದಲ್ಲ, ದುಡಿಮೆಯಿಂದ. ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಲ್ಲಿ ಕಾಲುದಾರಿಗಳಿಂದ ಸೈಕಲ್ಲುಗಳನ್ನು ಹೊರಗಿಡಲಾರಂಭಿಸಿದಾಗ ಅಲ್ಲಿನ ಕ್ಲಬ್ಬುಗಳು ಒಟ್ಟುಸೇರಿ 1988ರಲ್ಲಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘವನ್ನು, ಅಂದರೆ ಈಗಿನ ಇಂಬಾವನ್ನು, ಕಟ್ಟಿಕೊಂಡವು. ಹಕ್ಕಿನ ವಾದದ ಜೊತೆಗೆ ಗುದ್ದಲಿಯನ್ನೂ ಹಿಡಿದುಕೊಂಡು ಹೋಗಿ ಹಾಳಾದ ದಾರಿಗಳನ್ನು ತಾವೇ ಸರಿಪಡಿಸಿಕೊಟ್ಟಿದ್ದೇ ಅವರಿಗೆ ಮಾತಿನ ಬಲ ತಂದುಕೊಟ್ಟಿತು. ನಮ್ಮಲ್ಲಿ ಅದಕ್ಕೆ ಸರಿಯಾದ ಅವಕಾಶ ಬೆಂಕಿ ರೇಖೆಯ ಕೆಲಸ. ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯವರು ಒಣಹುಲ್ಲನ್ನು ಸವರಿ ಪಟ್ಟಿ ತೆಗೆಯುತ್ತಾರೆ, ಆಳುಗಳು ಸಾಲುವುದಿಲ್ಲ. ವಲಯ ಅರಣ್ಯಾಧಿಕಾರಿಯನ್ನು ಕಂಡು, ಗಾರ್ಡ್ ಹೇಳಿದ ಕಡೆ, ಹೇಳಿದ ಅಗಲಕ್ಕೆ ಒಂದು ಬೇಸಿಗೆ ದುಡಿದುಕೊಡಿ. ಆ ವರ್ಷ ಸೈಕಲ್ಲಿನ ಮಾತನ್ನೇ ಎತ್ತಬೇಡಿ. ಮರುವರ್ಷ ಇಲಾಖೆಯ ಈಗಿರುವ ಜೀಪುದಾರಿಯಲ್ಲೋ ಗಸ್ತಿನ ದಾರಿಯಲ್ಲೋ ನಿಗದಿತ ಹೊತ್ತಿನಲ್ಲಿ ಸವಾರಿಗೆ ಅನುಮತಿ ಕೇಳಬಹುದು. ಹೊಸ ಜಾಡು ಎಂಬ ಮಾತು ಅದರ ನಂತರದ್ದು, ಅದೂ ಇಲಾಖೆಯೇ ಯೋಜಿಸಿದರೆ.

ಈಗ ನಿಮ್ಮ ಗೋಮಾಳದ ದಾರಿಗೆ ಬರೋಣ. ಮೊಣಕಾಲುದ್ದದ ಕೊರಕಲಿಗೆ ಮಣ್ಣು ತುಂಬಿ ಸಮ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಅದರಷ್ಟು ವ್ಯರ್ಥವಾದುದು ಇನ್ನೊಂದಿಲ್ಲ. ತುಂಬಿದ ಸಡಿಲ ಮಣ್ಣು ಮೊದಲ ಮಳೆಗೇ ಕೆಳಗಿನ ಹೊಲ ಸೇರುತ್ತದೆ. ನೀರನ್ನು ಬದಿಗೆ ಹೊರಹಾಕಲು ಸಾಧ್ಯವಾಗದಷ್ಟು ಆಳಕ್ಕೆ ಇಳಿದ ದಾರಿಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ, ಅಂಥ ತುಂಡುಗಳನ್ನು ಬಿಟ್ಟು ಪಕ್ಕದಲ್ಲಿ ಓರೆಯಾಗಿ ದಾರಿ ತೆಗೆಯಬೇಕು. ಬಿಟ್ಟ ತುಂಡಿನೊಳಗೆ ಅಲ್ಲಲ್ಲಿ ಅಡ್ಡಲಾಗಿ ಕಲ್ಲುತಡೆ ಕಟ್ಟಿ, ಮೇಲೆ ಮುಳ್ಳುಕಂಟಿ ಹರಡಿರಿ. ಕಲ್ಲಿನ ಹಿಂದೆ ಮಣ್ಣು ನಿಂತು, ಎರಡು ಮೂರು ಮಳೆಗಾಲಗಳಲ್ಲಿ ಹುಲ್ಲು ಹತ್ತುತ್ತದೆ. ಹಳೆಯ ದಾರಿಯ ಬಾಯಿಯನ್ನು ಕಾಣದಂತೆ ಮುಚ್ಚುವುದು ಮುಖ್ಯ, ಕಂಡರೆ ದನಗಳಿಗಿಂತ ಮೊದಲು ನಿಮ್ಮವರೇ ಅದರಲ್ಲಿ ಇಳಿಯುತ್ತಾರೆ.

ಪಕ್ಕದ ದಾರಿ ಎಷ್ಟು ಓರೆಯಾಗಿರಬೇಕು? ಇಂಬಾದವರು ಜಗತ್ತಿನ ಎಲ್ಲ ಕಡೆ ಹೇಳಿಕೊಡುವ ಅರ್ಧದ ನಿಯಮವನ್ನು ನೆನಪಿಟ್ಟುಕೊಂಡರೆ ಸಾಕು. ಗುಡ್ಡದ ಮೈ ಎಷ್ಟು ಇಳಿಜಾರಾಗಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ಇಳಿಜಾರು ಜಾಡಿಗೆ ಇರಬಾರದು. ಗುಡ್ಡದ ಮೈ ನೂರಕ್ಕೆ 20ರಷ್ಟು ಇಳಿದಿದ್ದರೆ ಜಾಡು ನೂರಕ್ಕೆ 10ರ ಒಳಗಿರಬೇಕು. ಇದನ್ನು ಮೀರಿದರೆ ನೀರು ಜಾಡನ್ನು ಅಡ್ಡ ಹಾಯುವ ಬದಲು ಜಾಡಿನ ಉದ್ದಕ್ಕೇ ಹರಿಯಲಾರಂಭಿಸುತ್ತದೆ. ಗುಡ್ಡ ಎಷ್ಟೇ ಕಡಿದಾಗಿರಲಿ, ಇಡೀ ಜಾಡಿನ ಸರಾಸರಿ ನೂರಕ್ಕೆ 10ನ್ನು ದಾಟದಿರುವುದು ಒಳ್ಳೆಯದು. ಹತ್ತು ಅಡಿ ನಡೆದರೆ ಒಂದು ಅಡಿ ಏರು ಎಂದು ಲೆಕ್ಕ. ನಮ್ಮ ಗರಸು ಮಣ್ಣಿಗೆ ನನ್ನ ಸಲಹೆ ಇನ್ನೂ ಕಡಿಮೆ, ಏಕೆಂದರೆ ಉರುಟು ಹರಳಿನ ಮೇಲೆ ಗಾಲಿ ಹಿಡಿತ ತಪ್ಪಿದಾಗಲೆಲ್ಲ ಸವಾರ ಬ್ರೇಕ್ ಹಿಡಿಯುತ್ತಾನೆ, ಬ್ರೇಕ್ ಹಿಡಿದಲ್ಲೆಲ್ಲ ಮಣ್ಣು ಕದಡುತ್ತದೆ.

ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಜಲಾನಯನ ಕೆಲಸಗಳಲ್ಲಿ ಬದು ಹಾಕಲು ಮಟ್ಟ ತೆಗೆಯುತ್ತಿದ್ದ ಎ-ಫ್ರೇಮ್ (ಇಂಗ್ಲಿಷಿನ A ಅಕ್ಷರದ ಆಕಾರದ ಚೌಕಟ್ಟು), ಗಾರೆಯವರ ಲೆವೆಲ್ ಪೈಪು ಅಥವಾ ಹತ್ತಡಿ ದಾರಕ್ಕೆ ತೂಗುಹಾಕಿದ ರಸಮಟ್ಟ, ಯಾವುದಾದರೂ ಆದೀತು. ನಿಮ್ಮ ಸುತ್ತಮುತ್ತ ಜಲಾನಯನ ಯೋಜನೆಯಲ್ಲಿ ದುಡಿದ ಹಿರಿಯರು ಒಬ್ಬರಾದರೂ ಇದ್ದೇ ಇರುತ್ತಾರೆ. ಸಮಪಾತಳಿ ಬದು ಹಾಕಿಸಿದವರಿಗೆ ಸೈಕಲ್ ಜಾಡಿನ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದು ನೀರನ್ನು ನಿಲ್ಲಿಸುತ್ತದೆ, ಜಾಡು ನೀರನ್ನು ದಾಟಿಸುತ್ತದೆ, ಮಟ್ಟ ಹಿಡಿಯುವ ಕೈ ಒಂದೇ. ವಿದೇಶದ ವೀಡಿಯೊಗಳನ್ನು ನೋಡಿ ಕಲಿಯುವುದಕ್ಕಿಂತ ಅವರನ್ನು ಒಂದು ಬೆಳಗ್ಗೆ ಗುಡ್ಡಕ್ಕೆ ಕರೆದೊಯ್ಯುವುದು ಲಾಭ. ಮಟ್ಟ ತೆಗೆದಂತೆಲ್ಲ ಸುಣ್ಣದ ಗುರುತಲ್ಲ, ಬಟ್ಟೆ ಕಟ್ಟಿದ ಗೂಟ ನೆಡಿ. ಒಮ್ಮೆ ನೆಟ್ಟ ಗೂಟಗಳನ್ನು ಮರುವಾರ ಇಳಿಯುತ್ತಾ ನೋಡಿದಾಗ ಅರ್ಧಕ್ಕರ್ಧ ಕಿತ್ತು ಬೇರೆಡೆ ನೆಡಬೇಕೆನಿಸುತ್ತದೆ, ಅದು ಸಹಜ.

ಜಾಡು ಇಳಿಯುತ್ತಾ ಹೋಗುವಾಗ ಇಪ್ಪತ್ತರಿಂದ ಐವತ್ತು ಅಡಿಗೊಮ್ಮೆ ಹತ್ತಾರು ಅಡಿ ದೂರ ಸಣ್ಣಗೆ ಏರಿ ಮತ್ತೆ ಇಳಿಯುವಂತೆ ಮಾಡುವುದು ಇನ್ನೊಂದು ಮುಖ್ಯ ಅಂಶ. ಏರು ಶುರುವಾಗುವ ತಗ್ಗಿನಲ್ಲಿ ನೀರು ಮುಂದೆ ಹೋಗಲಾರದೆ ಹೊರಬದಿಗೆ ಇಳಿದುಹೋಗುತ್ತದೆ. ಇದನ್ನು ಗೂಟ ನೆಡುವಾಗಲೇ ಸೇರಿಸಬೇಕು, ಕಡಿದಾದ ಮೇಲೆ ಸೇರಿಸುವುದು ಎರಡರಷ್ಟು ಕೆಲಸ. ದಾರಿಗೆ ಅಡ್ಡಲಾಗಿ ಮರದ ತೊಲೆ ಹೂತು ನೀರು ತಿರುಗಿಸುವ ಹಳೆಯ ಪದ್ಧತಿಯನ್ನು ಸೈಕಲ್ ಜಾಡಿನಲ್ಲಿ ಬಳಸಬೇಡಿ. ಒದ್ದೆಯಾದ ತೊಲೆಯ ಮೇಲೆ ಗಾಲಿ ಜಾರುತ್ತದೆ, ಹಿಂದುಗಡೆ ಮಣ್ಣು ತುಂಬಿ ಒಂದೇ ವರ್ಷದಲ್ಲಿ ಅದು ಕೆಲಸಕ್ಕೆ ಬಾರದಾಗುತ್ತದೆ.

ಕಡಿಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ಎರಡಡಿ ಅಗಲದ ಜಾಡು ಬೇಕೆಂದರೆ ಆ ಎರಡಡಿಯೂ ಗುಡ್ಡದ ಗಟ್ಟಿ ಮೈಯೊಳಗೇ ಇರಬೇಕು. ಒಳಬದಿಯ ಒಂದಡಿಯನ್ನು ಕಡಿದು, ಆ ಮಣ್ಣನ್ನು ಹೊರಬದಿಗೆ ಸುರಿದು ಇನ್ನೊಂದಡಿ ಮಾಡಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ನೋಡಲೂ ಸರಿಯಾಗಿಯೇ ಕಾಣುತ್ತದೆ, ಆದರೆ ಹೊರಬದಿಯ ತುಂಬುಮಣ್ಣು ದನದ ಕಾಲಿಗೆ ಕುಸಿಯುತ್ತದೆ. ಕಡಿದ ಮಣ್ಣನ್ನು ಬಾಣಲಿಯಲ್ಲಿ ತುಂಬಿ ಕೆಳಗಿನ ಪೊದೆಗಳತ್ತ ಹರಡಿ ಎಸೆಯಬೇಕು, ಅಂಚಿನಲ್ಲಿ ಗುಡ್ಡೆ ಹಾಕಬಾರದು. ಆಮೇಲೆ ಜಾಡಿನ ಮೈಗೆ ಹೊರಕ್ಕೆ ವಾಟ ಕೊಡಬೇಕು. ಮನೆ ಕಟ್ಟುವವರು ಬಚ್ಚಲಿನ ನೆಲಕ್ಕೆ ಕೊಡುವಂಥದ್ದೇ ವಾಟ, ನೂರಕ್ಕೆ 5, ಅಂದರೆ ಎರಡಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು. ಇದು ಸವಾರನಿಗೆ ಗೊತ್ತೇ ಆಗದಷ್ಟು ಸಣ್ಣದು, ನೀರಿಗೆ ಸಾಕಾದಷ್ಟು ದೊಡ್ಡದು. ಒಳಬದಿಯ ಕಡಿದ ಗೋಡೆಯನ್ನು ನೆಟ್ಟಗೆ ಬಿಡದೆ ಹಿಂದಕ್ಕೆ ಓರೆ ಮಾಡಿ ಸವರಿದರೆ ಮಳೆಗೆ ಜರಿಯುವುದಿಲ್ಲ. ಕೊನೆಗೆ ಒಂದು ಬಿಂದಿಗೆ ನೀರನ್ನು ಒಳಬದಿಯಲ್ಲಿ ಮೆಲ್ಲಗೆ ಸುರಿದು ನೋಡಿರಿ. ನೀರು ಜಾಡನ್ನು ಅಡ್ಡಲಾಗಿ ಹಾಯ್ದು ಹೊರಗಿನ ಹುಲ್ಲಿಗೆ ಇಳಿದರೆ ಆ ತುಂಡು ಮುಗಿದಂತೆ. ಒಂದು ಗೇಣಿನಷ್ಟಾದರೂ ಉದ್ದಕ್ಕೆ ಹರಿದರೆ ಗುದ್ದಲಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.

ದಿನ ಕಳೆದಂತೆ ಗಾಲಿ ಮತ್ತು ಗೊರಸುಗಳು ಜಾಡಿನ ನಡುವನ್ನು ತಗ್ಗಿಸಿ, ಮಣ್ಣನ್ನು ಹೊರ ಅಂಚಿಗೆ ತಳ್ಳಿ ಸಣ್ಣದೊಂದು ದಿಂಡು ಮಾಡುತ್ತವೆ. ನಾಲ್ಕು ಬೆರಳೆತ್ತರದ ಈ ದಿಂಡೇ ನೀರನ್ನು ಜಾಡಿನೊಳಗೆ ಕೂಡಿಹಾಕುವ ಅಪರಾಧಿ. ನಿರ್ವಹಣೆಯೆಂದರೆ ಬಹುಪಾಲು ಈ ದಿಂಡನ್ನು ಕೆತ್ತಿ ಹೊರಗೆ ಎಸೆಯುವುದು. ಇದಕ್ಕೆ ಗುದ್ದಲಿಯೊಂದಿಗೆ ಗಟ್ಟಿ ಹಲ್ಲಿನ ಕಬ್ಬಿಣದ ಕುಂಟೆಯೊಂದಿದ್ದರೆ ಕೆಲಸ ಹಗುರ. ಪಾಶ್ಚಾತ್ಯರು ಇದಕ್ಕೆಂದೇ ಒಂದು ಕಡೆ ಹಲ್ಲು, ಇನ್ನೊಂದು ಕಡೆ ಅಲಗು ಇರುವ ಮೆಕ್ಲಾಯ್ಡ್ ಎಂಬ ಉಪಕರಣವನ್ನು ಬಳಸುತ್ತಾರೆ. ಕುಲುಮೆಯವರಿಗೆ ಚಿತ್ರ ತೋರಿಸಿದರೆ ಹಳೆಯ ಎಡೆಕುಂಟೆಯ ತಾಳಿನಿಂದ ಹೆಚ್ಚು ಕಡಿಮೆ ಅಂಥದ್ದನ್ನೇ ಮಾಡಿಕೊಡುತ್ತಾರೆ. ಉಳಿದಂತೆ ಪಿಕಾಸಿ, ಹಾರೆ, ಸಲಿಕೆ, ಬಾಣಲಿ, ಕುಡುಗೋಲು, ಒಂದು ಕೈಗರಗಸ. ಜೆಸಿಬಿ ತರಿಸೋಣ ಎಂದು ಯಾರಾದರೂ ಉದಾರವಾಗಿ ಮುಂದೆ ಬಂದರೆ ಕೈಮುಗಿದು ಬೇಡವೆನ್ನಿ.

ಕೆಲಸದ ಕಾಲದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಮಾರ್ಚ್ ತಿಂಗಳ ಒಣನೆಲದಲ್ಲಿ ಕಡಿದ ಜಾಡು ಹುಡಿಯಾಗಿಯೇ ಉಳಿಯುತ್ತದೆ, ಎಷ್ಟು ದಮ್ಮಸು ಹಾಕಿದರೂ ಕೂರುವುದಿಲ್ಲ. ಮಣ್ಣಿನಲ್ಲಿ ಹದ ಇರಬೇಕು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆಯಾಗಿ, ಕೆಳಗೆ ಬಿಟ್ಟರೆ ಒಡೆಯಬೇಕು, ಅಂಗೈಗೆ ಕೆಸರು ಅಂಟಬಾರದು. ನಮ್ಮಲ್ಲಿ ಆ ಹದ ಸಿಗುವುದು ಮುಂಗಾರಿನ ಮೊದಲ ಮಳೆಗಳ ನಂತರದ ಕೆಲವು ದಿನಗಳು ಮತ್ತು ಹಿಂಗಾರಿನ ನಡುವಿನ ಹೊಳವುಗಳು ಮಾತ್ರ. ಆದಕಾರಣ ಬೇಸಿಗೆಯನ್ನು ಮಟ್ಟ ತೆಗೆಯುವುದಕ್ಕೂ, ಗೂಟ ನೆಡುವುದಕ್ಕೂ, ಕಲ್ಲು ಹೊರುವುದಕ್ಕೂ ಮೀಸಲಿಟ್ಟು, ಮಣ್ಣಿನ ಕೆಲಸವನ್ನು ಮಳೆಯ ಬೆನ್ನಿಗೆ ಇಟ್ಟುಕೊಳ್ಳಿ. ದಾವಣಗೆರೆಯ ಕಡೆಯ ಎರೆನೆಲದಲ್ಲಿ ಈ ಲೆಕ್ಕ ನಡೆಯದು. ಎರೆಮಣ್ಣು ಒದ್ದೆಯಾದರೆ ಗಾಲಿಗೆ ಮೆತ್ತಿಕೊಂಡು ಬರುತ್ತದೆ, ಒಣಗಿದರೆ ಬಿರಿಯುತ್ತದೆ, ಅದರಲ್ಲಿ ಜಾಡು ಕಟ್ಟುವ ಗೋಜಿಗೆ ಹೋಗದಿರುವುದೇ ಲೇಸು.

ತಿರುವುಗಳಲ್ಲಿ ಕಲ್ಲಿನ ಕೆಲಸ ಬೇಕಾಗುತ್ತದೆ. ಸಿಮೆಂಟ್ ಬೇಡ, ಹೊಲದ ಬದುಗಳಿಗೆ ಒಣಗಲ್ಲು ಕಟ್ಟುವವರ ಪದ್ಧತಿಯೇ ಸಾಕು: ದೊಡ್ಡ ಕಲ್ಲು ಬುಡಕ್ಕೆ, ಸಂದಿ ಮೇಲೆ ಸಂದಿ ಬಾರದಂತೆ ಮೇಲಿನ ವರಸೆ, ಇಡೀ ಕಟ್ಟು ಗುಡ್ಡದ ಕಡೆಗೆ ಒರಗಿರಬೇಕು, ನಡುನಡುವೆ ಉದ್ದನೆಯ ಕಲ್ಲುಗಳು ಒಳಮಣ್ಣಿನವರೆಗೆ ಹೋಗಿರಬೇಕು. ಕಡಿದಾದ ತುಂಡನ್ನು ತಪ್ಪಿಸಲು ಸಾಧ್ಯವೇ ಇಲ್ಲದ ಕಡೆ ಚಪ್ಪಡಿ ಹಾಸುವ ಬದಲು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ಮೂರರಲ್ಲಿ ಎರಡು ಪಾಲು ಹೂಳಿರಿ, ಅಲುಗಾಡುವುದಿಲ್ಲ.

ಕಲ್ಲು ಎತ್ತುವಾಗ ಎಚ್ಚರ ಅಗತ್ಯ. ಇಲ್ಲಿನ ಕಲ್ಲುಗಳ ಕೆಳಗೆ ಚೇಳು ಸಾಮಾನ್ಯ, ಗರಗಸ ಮಂಡಲದ ಹಾವೂ ಇರುತ್ತದೆ. ಕೈಹಾಕುವ ಮೊದಲು ಹಾರೆಯಿಂದ ಮೀಟಿ, ಕಲ್ಲಿನ ಬಾಯಿ ನಿಮ್ಮಿಂದ ಆಚೆಗೆ ತೆರೆದುಕೊಳ್ಳುವಂತೆ ನಿಮ್ಮ ಕಡೆಗೆ ಹೊರಳಿಸಿರಿ, ಆಗ ಕಲ್ಲೇ ನಿಮಗೂ ಅದಕ್ಕೂ ನಡುವೆ ತಡೆಯಾಗುತ್ತದೆ. ದಪ್ಪನೆಯ ಉದ್ದ ಪ್ಯಾಂಟು, ಬೂಟು ಕಡ್ಡಾಯ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿ ಹುಡುಕುವುದು ಯಾವುದೂ ಬೇಡ. ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕು. ಕರಡಿ, ಚಿರತೆಗಳಿರುವ ಸೀಮೆಯಾದ್ದರಿಂದ ಬೆಳಕು ಹರಿದ ಮೇಲೆ ಹತ್ತಿ, ಇಳಿಹೊತ್ತಿಗೆ ಮುಂಚೆ ಇಳಿದುಬಿಡಿ. ಗುದ್ದಲಿ ಬೀಸುವವರ ನಡುವೆ ಹತ್ತಡಿಯ ಅಂತರವಿರಲಿ, ಮೇಲಿನವರು ಕಲ್ಲು ಮೀಟುವಾಗ ಕೆಳಗೆ ಯಾರೂ ನಿಲ್ಲಬಾರದು.

ಗಿಡಗಂಟಿ ಸವರುವುದರಲ್ಲಿ ನಿಮ್ಮ ಕೈ ಹಿಡಿತದಲ್ಲಿರಲಿ. ಲಂಟಾನವನ್ನು ಎಷ್ಟು ಬೇಕಾದರೂ ತೆಗೆಯಿರಿ, ಬುಡದ ಗಡ್ಡೆಯನ್ನು ಮಣ್ಣಿನೊಳಗಿನಿಂದ ಕತ್ತರಿಸದಿದ್ದರೆ ಮತ್ತೆ ಚಿಗುರುತ್ತದೆ. ಬಂದರಿಕೆ, ಕಗ್ಗಲಿ, ತುಗ್ಗಲಿಗಳನ್ನು ಬುಡಸಮೇತ ಕಡಿಯಬೇಡಿ, ಜಾಡಿಗೆ ಚಾಚಿದ ರೆಂಬೆಯನ್ನು ಮಾತ್ರ ಕಾಂಡಕ್ಕೆ ಹತ್ತಿರವಾಗಿ ಗರಗಸದಿಂದ ಕೊಯ್ಯಿರಿ. ಮಚ್ಚಿನಿಂದ ಓರೆಯಾಗಿ ಕಡಿದು ಬಿಟ್ಟ ಮೊನಚು ಕೂಳೆ ಬಿದ್ದ ಸವಾರನ ಹೊಟ್ಟೆಗೆ ಚುಚ್ಚುವ ಸಂಭವ ನಿಜವಾದದ್ದು. ತಿರುವಿನಲ್ಲಿ ಎದುರಿನವರು ಕಾಣುವಷ್ಟು ಸವರಿದರೆ ಸಾಕು, ಉಳಿದ ಕಡೆ ಪೊದೆಗಳು ಹತ್ತಿರವಿದ್ದರೆ ವೇಗ ತಾನಾಗಿಯೇ ತಗ್ಗುತ್ತದೆ.

ಕೆಲಸಗಾರರ ಬಗ್ಗೆ ಒಂದು ಮಾತು. ಮೊದಲ ಭಾನುವಾರ ಮೂವತ್ತು ಜನ ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಮೂರನೆಯ ಭಾನುವಾರ ಐದು ಜನ ಉಳಿಯುತ್ತಾರೆ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಐದು ಜನರಿಗೆ ಆಗುವಷ್ಟೇ ಕೆಲಸವನ್ನು ಯೋಜಿಸಿರಿ. ಕೆಲಸ ತಿಳಿದ ಒಬ್ಬರಿಗೆ ಆರೇಳು ಹೊಸಬರಿಗಿಂತ ಹೆಚ್ಚು ಒಪ್ಪಿಸಬಾರದು. ಇಡೀ ಜಾಡನ್ನು ತುಂಡುಗಳಾಗಿ ಹಂಚಿ, ಒಂದೊಂದು ತುಂಡಿಗೆ ಇಬ್ಬಿಬ್ಬರನ್ನು ಹೊಣೆ ಮಾಡಿದರೆ ನಿರ್ವಹಣೆ ನಡೆಯುತ್ತದೆ, ಎಲ್ಲರೂ ಎಲ್ಲವನ್ನೂ ನೋಡಿಕೊಳ್ಳುತ್ತಾರೆ ಎಂದಿಟ್ಟರೆ ನಡೆಯುವುದಿಲ್ಲ. ಆ ಇಬ್ಬರ ಅತಿ ಮುಖ್ಯ ಕರ್ತವ್ಯವೆಂದರೆ ಜೋರು ಮಳೆ ನಿಂತ ಕೂಡಲೇ, ಸಾಧ್ಯವಾದರೆ ಮಳೆ ಬೀಳುತ್ತಿರುವಾಗಲೇ, ಛತ್ರಿ ಹಿಡಿದು ಕಾಲ್ನಡಿಗೆಯಲ್ಲಿ ತಮ್ಮ ತುಂಡನ್ನು ನೋಡಿಬರುವುದು. ನೀರು ಎಲ್ಲಿ ಒಳಬರುತ್ತದೆ, ಎಲ್ಲಿ ಹೊರಹೋಗುವುದಿಲ್ಲ ಎಂಬುದನ್ನು ಒಣದಿನ ಎಷ್ಟು ನೋಡಿದರೂ ಕಾಣಲಾಗದು. ಗುಡುಗು ಸಿಡಿಲಿದ್ದರೆ ಮಾತ್ರ ಈ ಮಾತನ್ನು ಪಾಲಿಸಬೇಡಿ. ಒಂದೇ ಜಾಗದಲ್ಲಿ ನಿಂತು ಮಳೆಗಾಲದ ಮುಂಚೆ ಮತ್ತು ನಂತರ ತೆಗೆದ ಚಿತ್ರಗಳನ್ನು ಕೂಡಿಡಿ, ಪಂಚಾಯಿತಿಯ ಮುಂದೆ ಮುಂದಿನ ಅರ್ಜಿ ಇಡುವಾಗ ಅವು ಬಹಳ ಕೆಲಸ ಮಾಡುತ್ತವೆ. ಮಳೆ ಬಂದ ಮರುದಿನ ಸವಾರಿ ಇಲ್ಲ ಎಂಬ ನಿಯಮವನ್ನು ನಿಮ್ಮ ತಂಡ ತಾನೇ ಹಾಕಿಕೊಳ್ಳಬೇಕು. ನೆಲದ ಮೇಲೆ ಗಾಲಿಯ ಅಚ್ಚು ಮೂಡುತ್ತಿದ್ದರೆ ಇಳಿದು ಹಿಂದಿರುಗಿ.

ಇನ್ನು ರ‍್ಯಾಂಪ್‌ಗಳು. ಈಗ ಬೇಡ ಎಂಬುದೇ ನನ್ನ ಅಭಿಪ್ರಾಯ. ನಮ್ಮ ಬಿಸಿಲಿಗೂ ಗೆದ್ದಲಿಗೂ ಸಿಕ್ಕ ಹಲಗೆ ಒಂದು ವರ್ಷದ ಮೇಲೆ ನಂಬಿಕೆಗೆ ತಕ್ಕದ್ದಲ್ಲ, ಮೊಳೆ ಸಡಿಲಿದ್ದು ಮೇಲಿನಿಂದ ಬರುವವನಿಗೆ ಕಾಣುವುದಿಲ್ಲ. ಗೋಮಾಳ ಎಲ್ಲರೂ ಓಡಾಡುವ ಜಾಗ, ಸಂಜೆ ಊರಿನ ಹುಡುಗರು ಹೆಲ್ಮೆಟ್ ಇಲ್ಲದೆ ಅದೇ ರ‍್ಯಾಂಪ್‌ನಿಂದ ಹಾರುತ್ತಾರೆ. ಒಬ್ಬನ ಕೈ ಮುರಿದರೆ ಪಂಚಾಯಿತಿಯ ಠರಾವು ಮರುದಿನವೇ ರದ್ದಾದೀತು. ಹಾರುವ ಆಸೆಗೆ ಜಾಡಿನ ಏರಿಳಿತಗಳಲ್ಲಿಯೇ ಸಾಕಷ್ಟು ಅವಕಾಶವಿದೆ, ನೀರು ಹೊರಹಾಕಲು ಮಾಡಿದ ಆ ಸಣ್ಣ ಏರುಗಳೇ ಇಳಿಯುವಾಗ ಒಳ್ಳೆಯ ಆಟ ಕೊಡುತ್ತವೆ. ರ‍್ಯಾಂಪ್‌ಗಿಂತ ತುರ್ತಾಗಿ ಯೋಚಿಸಬೇಕಾದದ್ದು ಮೋಟಾರ್ ಬೈಕುಗಳ ಬಗ್ಗೆ. ದಾರಿ ಚೆನ್ನಾಗಾದ ಸುದ್ದಿ ಹರಡಿದ ತಿಂಗಳೊಳಗೆ ಅವು ಬರುತ್ತವೆ, ಹಿಂದಿನ ಗಾಲಿಯ ತಿರುಗಾಟಕ್ಕೆ ಜಾಡು ಕಿತ್ತುಹೋಗುತ್ತದೆ. ಪ್ರವೇಶದಲ್ಲಿ ಎರಡು ಮೂರು ದೊಡ್ಡ ಕಲ್ಲುಗಳನ್ನು ಅಂಕುಡೊಂಕಾಗಿ ನಿಲ್ಲಿಸಿ, ದನ ಮತ್ತು ಸೈಕಲ್ ಮಾತ್ರ ನುಸುಳುವಷ್ಟು ಸಂದು ಬಿಡಿ. ಸಂದಿನ ಅಗಲವನ್ನು ದನಗಾಹಿಗಳ ಎದುರೇ ನಿರ್ಧರಿಸಿ.

ಗೂಟ ನೆಟ್ಟಾದ ಮೇಲೆ ಗುಡ್ಡದ ಮೈಯ ಇಳಿಜಾರು, ಜಾಡಿನ ಇಳಿಜಾರು, ಏರುಗಳ ನಡುವಿನ ಅಂತರ ಇವಿಷ್ಟನ್ನು ಒಂದು ಕಚ್ಚಾ ನಕ್ಷೆಯಲ್ಲಿ ಬರೆದು ಕಳುಹಿಸಿರಿ. ಮುಂಗಾರಿಗೆ ಮುಂಚೆ ತಲುಪಿದರೆ ತಿರುವುಗಳನ್ನು ಎಲ್ಲಿ ಇಡಬಹುದು, ಯಾವ ತುಂಡನ್ನು ಬಿಡಬೇಕಾದೀತು ಎಂಬುದನ್ನು ನೋಡಿ ಬರೆಯುತ್ತೇನೆ.